ಹವಳಕ್ಕಿಂತ ಹಳೆಯ ಕಡಲ ದಿಬ್ಬ: ಚಿತ್ರದುರ್ಗ ಸೀಮೆಯ ಸುಣ್ಣಕಲ್ಲು ಹುಟ್ಟಿದ ಬಗೆ

ಹಿರಿಯೂರು ಎಂದರೆ ನಮಗೆ ವೇದಾವತಿ ಮತ್ತು ಮಾರಿಕಣಿವೆ ನೆನಪಾಗುತ್ತವೆ. ಭೂವಿಜ್ಞಾನ ಓದಿದವರಿಗೆ ಅದೇ ಹೆಸರು ಕಡಲ ತಳದಲ್ಲಿ ಕೂತ ಕೆಸರು ಕಲ್ಲಾದ ಕತೆಯನ್ನು ನೆನಪಿಸುತ್ತದೆ. ಚಿತ್ರದುರ್ಗ ಸೀಮೆಯ ಹಳೆಯ ಶಿಲೆಗಳನ್ನು ಭೂವಿಜ್ಞಾನಿಗಳಾದ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ 1981ರಲ್ಲಿ ಮೂರು ಘಟಕಗಳಾಗಿ ವಿಂಗಡಿಸಿದರು. ಕೆಳಗಿನದಕ್ಕೆ ವಾಣಿವಿಲಾಸ, ನಡುವಿನದಕ್ಕೆ ಇಂಗಳದಾಳ್, ಮೇಲಿನದಕ್ಕೆ ಹಿರಿಯೂರು ಎಂದು ಹೆಸರಿಟ್ಟರು. ಮಳೆಗಾಗಿ ಮುಗಿಲು ನೋಡುವ ಈ ನಾಡಿನ ನೆಲದಡಿಯಲ್ಲಿ ಇರುವುದು ಬಹುಪಾಲು ಕಡಲಿನ ಕೆಲಸ. ಅದರಲ್ಲೂ ವಾಣಿವಿಲಾಸ ಘಟಕದ ಸುಣ್ಣಕಲ್ಲು ಮತ್ತು ಡಾಲಮೈಟ್ ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು. ಈ ಶಿಲೆಗಳು ಹಬ್ಬಿರುವ ಪಟ್ಟಿಯ ಕೆಲವು ಕಡೆ ಆ ಕಲ್ಲು ತಾನಾಗಿ ಶೇಖರವಾದದ್ದಲ್ಲ, ಜೀವಿಗಳು ಕಟ್ಟಿದ್ದು. ಹವಳವೆಂಬ ಪ್ರಾಣಿ ಭೂಮಿಗೆ ಬರುವುದಕ್ಕೆ ಇನ್ನೂ ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚು ಕಾಲವಿದ್ದಾಗ ಎದ್ದ ದಿಬ್ಬಗಳು ಅವು.

ಕಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಒಂದು ಕಡಲು ಬಂದ ಬಗೆ ತಿಳಿಯುತ್ತದೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಬಳಿ ನೀರಿನಲ್ಲಿ ಉರುಳಿ ನುಣುಪಾದ ಗುಂಡುಕಲ್ಲುಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಿದ ಶಿಲೆಯಿದೆ. ‘ತಾಳ್ಯ ಕಾಂಗ್ಲಾಮರೇಟ್’ ಎಂಬ ಹೆಸರಿನಲ್ಲಿ ಅದು ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು. ಅದರ ಜೊತೆಗೇ ಮರಳು ಗಟ್ಟಿಯಾಗಿ ಆದ ಬಿಳಿ ಬೆಣಚುಶಿಲೆ. ಆಮೇಲೆ ಸುಣ್ಣಕಲ್ಲು, ಡಾಲಮೈಟ್, ಮ್ಯಾಂಗನೀಸ್, ಕಬ್ಬಿಣದ ಪಟ್ಟೆಕಲ್ಲು; ಹೊಸದುರ್ಗ ತಾಲ್ಲೂಕಿನ ಮತ್ತೋಡು ಕಡೆಯ ಸುಣ್ಣಕಲ್ಲು ಈ ಸಾಲಿನದೇ. ಅದರ ಮೇಲೆ ಜ್ವಾಲಾಮುಖಿಯ ಕಾಲ. ಚಿತ್ರದುರ್ಗ–ಹಿರಿಯೂರು ನಡುವೆ, ಐಮಂಗಲದ ಕಡೆಯ ಮರಡಿಹಳ್ಳಿಯಲ್ಲಿ ಲಾವಾ ದಿಂಬುಗಳ ರಾಶಿಯಾಗಿ ಬಿದ್ದಿದೆ. ಕಾದ ಲಾವಾ ನೀರಿನೊಳಗೇ ಉಕ್ಕಿ, ಹೊರಮೈ ತಟ್ಟನೆ ತಣಿದರೆ ಮಾತ್ರ ಆ ಆಕಾರ ಬರುತ್ತದೆ. ಇಲ್ಲಿ ಕಡಲಿತ್ತು ಎಂಬುದಕ್ಕೆ ಬರಿಗಣ್ಣಿಗೇ ಕಾಣುವ ಸಾಕ್ಷಿ ಅದು. ಕೊನೆಗೆ ಆಳದ ನೀರಿಗೆ ಜಾರಿ ಕೂತ ಕೆಸರು ಮರಳು, ಅಂದರೆ ಹಿರಿಯೂರು ಘಟಕ.

ಈ ಇಡೀ ಪಟ್ಟಿ ಗದಗದಿಂದ ಶ್ರೀರಂಗಪಟ್ಟಣದ ಕಡೆಗೆ ಸುಮಾರು 450 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಇಂಥ ಶಿಲೆಗಳಿಗೆಲ್ಲ ಧಾರವಾಡದ ಹೆಸರು ಕೊಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಸುಣ್ಣಕಲ್ಲಿನೊಳಗೆ ಜೀವದ ಗುರುತು ಇದೆ ಎಂದು ಖಚಿತವಾಗಿ ಹೇಳಲು ಮತ್ತೆ ನೂರು ವರ್ಷ ಬೇಕಾಯಿತು. 1980ರ ದಶಕದಲ್ಲಿ ತುಮಕೂರು ಜಿಲ್ಲೆಯ ದೊಡ್ಡಗುಣಿ, ಭೀಮಸಂದ್ರ ಮೊದಲಾದ ಕಡೆ ಇದೇ ಪಟ್ಟಿಯ ಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್ ಎಂಬ, ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ರಚನೆಗಳು ಪತ್ತೆಯಾದವು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಆರ್. ಶ್ರೀನಿವಾಸನ್, ಎಸ್.ಎಂ. ನಖ್ವಿ ಮತ್ತು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಬಿ.ಎಸ್. ವೆಂಕಟಾಚಲ ಮೊದಲಾದವರು 1989ರಲ್ಲಿ ಚಿತ್ರದುರ್ಗ ಪಟ್ಟಿಯ ಸ್ಟ್ರೊಮಾಟೊಲೈಟುಗಳ ಬಗ್ಗೆ ವಿವರವಾದ ಪ್ರಬಂಧ ಪ್ರಕಟಿಸಿದರು. ಇವುಗಳ ವಯಸ್ಸು ಹೇಳಲು ಒಂದು ಸುಲಭದ ದಾರಿಯಿದೆ. ಈ ಪದರಗಳನ್ನು ಸೀಳಿಕೊಂಡು ಮೇಲೆದ್ದ ಚಿತ್ರದುರ್ಗದ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ. ಸೀಳಿದ್ದಕ್ಕಿಂತ ಸೀಳಿಸಿಕೊಂಡದ್ದು ಹಳೆಯದಾಗಿರಲೇಬೇಕು.

ಇನ್ನು ಜೀವಿಗಳು ಈ ಕಲ್ಲನ್ನು ಕಟ್ಟಿದ್ದು ಹೇಗೆ ಎಂಬುದಕ್ಕೆ ಬರೋಣ. ನಮ್ಮ ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಮೈ ನೋಡಿ: ಕೆಲವೇ ತಿಂಗಳಲ್ಲಿ ಬಿಳಿಯ ಗಟ್ಟಿ ಪದರ ಹತ್ತಿರುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕರಗಿಕೊಂಡು ಇರಬೇಕಾದರೆ ಜೊತೆಗೆ ಇಂಗಾಲದ ಡೈಆಕ್ಸೈಡ್ ಕರಗಿರಬೇಕು. ಕಾಯಿಸಿದಾಗ ಆ ಅನಿಲ ಹಾರಿಹೋಗುತ್ತದೆ, ಆಸರೆ ತಪ್ಪಿದ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಂಟಿಕೊಳ್ಳುತ್ತದೆ. ಹಂಡೆಯಲ್ಲಿ ಬೆಂಕಿ ಮಾಡುವ ಕೆಲಸವನ್ನು ಕಡಲಿನಲ್ಲಿ ಜೀವಿಗಳು ಮಾಡಿದವು. ಸಯನೋಬ್ಯಾಕ್ಟೀರಿಯ, ಅಂದರೆ ಭತ್ತದ ಗದ್ದೆಯ ರೈತರಿಗೆ ನೀಲಿಹಸಿರು ಪಾಚಿ ಎಂದು ಪರಿಚಯವಿರುವ ಅತಿಸೂಕ್ಷ್ಮ ಜೀವಿ, ಬಿಸಿಲು ಹಿಡಿದು ಆಹಾರ ತಯಾರಿಸುವಾಗ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ. ಅದರ ಸುತ್ತಲಿನ ತೆಳ್ಳನೆಯ ನೀರಿನಲ್ಲಿ ಆಮ್ಲದ ಗುಣ ಇಳಿದು ಸುಣ್ಣ ಹೊರಬೀಳುತ್ತದೆ.

ಒಂದೊಂದು ಜೀವಿಯಿಂದ ಇದು ಆಗುವ ಮಾತಲ್ಲ. ಕೋಟ್ಯಂತರ ಜೀವಿಗಳು ಎಳೆಎಳೆಯಾಗಿ ಹೆಣೆದುಕೊಂಡು, ಆಳವಿಲ್ಲದ ನೀರಿನ ತಳದಲ್ಲಿ ಲೋಳೆಲೋಳೆಯಾದ ಹಾಸು ಕಟ್ಟುತ್ತವೆ. ಅಲೆ ತಂದ ಸಣ್ಣ ಮರಳು, ಸುಣ್ಣದ ಪುಡಿ ಆ ಲೋಳೆಗೆ ಅಂಟುತ್ತವೆ. ಮೇಲೆ ಧೂಳು ಕೂತು ಬೆಳಕು ಮರೆಯಾದರೆ ಜೀವಿಗಳು ಸುಮ್ಮನಿರುವುದಿಲ್ಲ, ಪದರದ ಮೂಲಕ ಮೇಲಕ್ಕೆ ಸರಿದು ಹೊಸ ಹಾಸು ಕಟ್ಟುತ್ತವೆ. ಹಳೆಯ ಹಾಸು ಕೆಳಗೆ ಉಳಿದು ಗಟ್ಟಿಯಾಗುತ್ತದೆ. ಹೀಗೆ ಪದರದ ಮೇಲೆ ಪದರ. ಸ್ವಲ್ಪ ಉಬ್ಬಿದ ಜಾಗಕ್ಕೆ ಬೆಳಕು ಹೆಚ್ಚು ಸಿಕ್ಕುವುದರಿಂದ ಅಲ್ಲಿ ಬೆಳವಣಿಗೆ ಜಾಸ್ತಿ. ಉಬ್ಬು ಇನ್ನಷ್ಟು ಉಬ್ಬುತ್ತದೆ. ಶಾಂತವಾದ ನೀರಿನಲ್ಲಿ ಚಪ್ಪಟೆ ಅಲೆಯಲೆ ಪದರ, ಅಲೆಯ ಹೊಡೆತ ಇರುವಲ್ಲಿ ಗುಮ್ಮಟ, ಕೆಲವೊಮ್ಮೆ ಒತ್ತೊತ್ತಾಗಿ ನಿಂತ ಕಂಬಗಳು. ಕಲ್ಲಿನ ಆಕಾರ ನೋಡಿ ನೀರಿನ ಸ್ವಭಾವವನ್ನು ಊಹಿಸಬಹುದು. ಬೆಳಕು ಮುಟ್ಟುವಷ್ಟು ತಿಳಿಯಾದ, ಆಳವಿಲ್ಲದ ಕಡಲಂಚು ಇದ್ದರೆ ಮಾತ್ರ ಇಷ್ಟೆಲ್ಲ ಸಾಧ್ಯ.

ಇದು ಊಹೆಯಷ್ಟೇ ಅಲ್ಲ, ಇಂದಿಗೂ ನಡೆಯುತ್ತಿರುವ ಕೆಲಸ. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇಯ ಹ್ಯಾಮೆಲಿನ್ ಪೂಲ್‌ನಲ್ಲಿ ಜೀವಂತ ಸ್ಟ್ರೊಮಾಟೊಲೈಟುಗಳಿವೆ. ಶಾರ್ಕ್ ಬೇ 1991ರಿಂದ ವಿಶ್ವ ಪರಂಪರೆಯ ತಾಣ. ಹ್ಯಾಮೆಲಿನ್ ಪೂಲ್‌ನ ನೀರಿನ ಉಪ್ಪು ಸಾಮಾನ್ಯ ಕಡಲಿನ ಎರಡರಷ್ಟು. ಪಾಚಿ ಮೇಯುವ ಬಸವನಹುಳು ಮೊದಲಾದವು ಅಲ್ಲಿ ಬದುಕುವುದು ಕಷ್ಟ. ಅದಕ್ಕೇ ಹಾಸು ಉಳಿದಿದೆ. ಬೆಳವಣಿಗೆ ವರ್ಷಕ್ಕೆ ಅರ್ಧ ಮಿಲಿಮೀಟರ್ ಮುಟ್ಟಿದರೆ ಹೆಚ್ಚು. ಒಂದು ಮೀಟರ್ ಎತ್ತರಕ್ಕೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆ. ಕ್ವಾರಿಯಲ್ಲಿ ಒಂದು ಸಿಡಿತಕ್ಕೆ ಎಷ್ಟು ಸಾವಿರ ವರ್ಷಗಳ ಬೆಳವಣಿಗೆ ಪುಡಿಯಾಗುತ್ತದೆ ಎಂದು ಇದರಿಂದ ಲೆಕ್ಕ ಹಾಕಿಕೊಳ್ಳಬಹುದು.

ಈ ಜೀವಿಗಳ ದೊಡ್ಡ ಉಪಕಾರ ಸುಣ್ಣವಲ್ಲ, ಆಮ್ಲಜನಕ. ಅಂದಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಕಡಲಿನ ತುಂಬ ಕಬ್ಬಿಣ ಕರಗಿಕೊಂಡಿತ್ತು. ಸಯನೋಬ್ಯಾಕ್ಟೀರಿಯ ಹೊರಬಿಟ್ಟ ಆಮ್ಲಜನಕ ಮೊದಲು ಆ ಕಬ್ಬಿಣಕ್ಕೆ ತಗುಲಿ, ಅದು ತುಕ್ಕಾಗಿ ತಳಕ್ಕೆ ಇಳಿಯಿತು ಎನ್ನುವುದು ಪಟ್ಟೆಪಟ್ಟೆಯ ಕಬ್ಬಿಣಕಲ್ಲಿಗೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆಗಳಲ್ಲಿ ಒಂದು. ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಲಾರಿಗಳಲ್ಲಿ ಹೋಗುವ ಅದಿರಿಗೂ ಆ ಪಾಚಿಯ ಹಾಸಿಗೂ ನೆಂಟಸ್ತಿಕೆ ಇರಬಹುದು ಎಂದಾಯಿತು. ಕರಗಿದ ಕಬ್ಬಿಣವನ್ನೆಲ್ಲ ತೀರಿಸಿ ಗಾಳಿಗೆ ಆಮ್ಲಜನಕ ಸೇರಲು ಇನ್ನೂ ಬಹಳ ಕಾಲ ಹಿಡಿಯಿತು. ಅದು ಸುಮಾರು 240 ಕೋಟಿ ವರ್ಷದ ಹಿಂದಿನ ಮಾತು. ನಾವು ಈಗ ಉಸಿರಾಡುವ ಗಾಳಿಗೆ ಅಡಿಪಾಯ ಹಾಕಿದ ಜೀವಿಗಳ ಮನೆಯನ್ನು ಸಿಮೆಂಟಿಗೆ, ಉಕ್ಕಿನ ಕುಲುಮೆಗೆ ಸುರಿಯುತ್ತಿರುವಾಗ ಅದು ಏನೆಂಬುದಾದರೂ ನಮಗೆ ಗೊತ್ತಿರಬೇಕು.

ಕಡಲಿನಲ್ಲಿ ಮೇಯುವ, ಕೊರೆಯುವ ಪ್ರಾಣಿಗಳು ಹುಟ್ಟಿದ ಮೇಲೆ ಸ್ಟ್ರೊಮಾಟೊಲೈಟುಗಳ ಕಾಲ ಹಿಂದೆ ಸರಿಯಿತು. ಇಂದಿನ ಬಗೆಯ ಗಟ್ಟಿ ಹವಳಗಳು ಬಂದದ್ದು ಸುಮಾರು 24 ಕೋಟಿ ವರ್ಷದ ಹಿಂದೆ. ಕಟ್ಟುವವರು ಬದಲಾದರು, ಕಟ್ಟುವ ಸೂತ್ರ ಮಾತ್ರ ಹಳೆಯದೇ: ಬಿಸಿಲು, ತಿಳಿನೀರು, ಸುಣ್ಣ. ಹವಳದ ಹುಳು ಮೃದುವಾದ ಪುಟ್ಟ ಪ್ರಾಣಿ. ಅದರ ಮೈಯೊಳಗೆ ಏಕಕೋಶದ ಪಾಚಿ ವಾಸಿಸುತ್ತದೆ. ಪಾಚಿ ತಾನು ತಯಾರಿಸಿದ ಸಕ್ಕರೆಯ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ, ಹವಳ ಅದಕ್ಕೆ ಜಾಗವನ್ನೂ ಗೊಬ್ಬರವನ್ನೂ ಕೊಡುತ್ತದೆ. ಆ ಕಸುವಿನಿಂದಲೇ ಹವಳ ತನ್ನ ಅಡಿಯಲ್ಲಿ ಸುಣ್ಣದ ಬಟ್ಟಲು ಕಟ್ಟುತ್ತ ಹೋಗುತ್ತದೆ. ಕಡಲ ತಳದ ಶೇಕಡ 1ಕ್ಕಿಂತ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳನ್ನು ಕಡಲಿನ ಸುಮಾರು ಕಾಲುಭಾಗ ಜೀವಜಾತಿಗಳು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಆಶ್ರಯಿಸುತ್ತವೆ.

ಈ ಒಡನಾಟ ಬಹಳ ನಾಜೂಕು. ಬೇಸಿಗೆಯ ವಾಡಿಕೆಯ ಗರಿಷ್ಠ ಮಟ್ಟಕ್ಕಿಂತ ನೀರು ಒಂದೇ ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಹವಳ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಕೊಟ್ಟದ್ದು ಪಾಚಿ, ಹಾಗಾಗಿ ಸುಣ್ಣದ ಬಿಳುಪು ಹೊರಗೆ ಕಾಣುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ, ತಡವಾದರೆ ಹವಳ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಹೀಗಾಯಿತು. ಮೊದಲ ಎರಡು ಪೆಟ್ಟುಗಳ ನಡುವೆ ಇದ್ದಷ್ಟು ಬಿಡುವು ಆಮೇಲೆ ಸಿಕ್ಕಿಲ್ಲ. ಚೇತರಿಸಿಕೊಳ್ಳಲು ಹವಳಕ್ಕೆ ಬೇಕಾದದ್ದು ಆ ಬಿಡುವೇ.

ಕರ್ನಾಟಕದಲ್ಲಿ ಜೀವಂತ ಹವಳ ನೋಡಬೇಕಾದರೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ನಮ್ಮ ಕರಾವಳಿಯಂಚಿಗೆ ಮಳೆಗಾಲದಲ್ಲಿ ಹೊಳೆಗಳು ಕೆಂಪು ಮಣ್ಣು ತಂದು ಸುರಿಯುತ್ತವೆ, ಕದಡಿದ ನೀರಿನಲ್ಲಿ ಹವಳಕ್ಕೆ ಬಿಸಿಲು ಸಿಕ್ಕದು. ದಡದಿಂದ ಅಷ್ಟು ದೂರ ಇರುವುದೇ ನೇತ್ರಾಣಿಯ ಪುಣ್ಯ. ಮೀನುಗಾರರಿಗೆ ಅದು ದೇವರ ಜಾಗ. ಹರಕೆಯ ಆಡುಗಳನ್ನು ಅಲ್ಲಿ ಬಿಟ್ಟು ಬರುವ ಪದ್ಧತಿಯಿದೆ. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ನೌಕಾಪಡೆ ಗುರಿಯಭ್ಯಾಸಕ್ಕೆ ಈ ದ್ವೀಪವನ್ನು ಬಳಸುವುದನ್ನು ಪರಿಸರದ ಕಾಳಜಿಯುಳ್ಳವರು ವಿರೋಧಿಸಿದ್ದುಂಟು. ಈಗ ಸ್ಕೂಬಾ ಡೈವಿಂಗಿಗೆ ಬರುವವರು ಹೆಚ್ಚಿದ್ದಾರೆ. ಹೋಗುವವರಿಗೆ ನಾನು ಹೇಳುವುದು ಇಷ್ಟು: ಹವಳವನ್ನು ಮುಟ್ಟಬೇಡಿ, ಮೇಲೆ ನಿಲ್ಲಬೇಡಿ, ದೋಣಿಯ ಲಂಗರು ಹವಳದ ಮೇಲೆ ಇಳಿಯದಂತೆ ಮೊದಲೇ ಕೇಳಿಕೊಳ್ಳಿ. ಮುರಿದ ತುಂಡು ತಂದರೂ ಅದು ಅಪರಾಧ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ, ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ.

ಕಡಲು ಕಾಣದ ಬಯಲುಸೀಮೆಗೆ ಹವಳದ ದಿಬ್ಬದ ನಂಟು ಏನು ಎಂದು ಯಾರಾದರೂ ಕೇಳಿದರೆ ಹೊಸದುರ್ಗ, ಹೊಳಲ್ಕೆರೆ ಕಡೆಯ ತಾಂಡಾಗಳಿಗೆ ಹೋಗಬೇಕು. ಲಂಬಾಣಿ ಹೆಂಗಸರ ಕಸೂತಿಗೆ ಹೊಲಿದ ಕವಡೆಗಳು ಬೆಚ್ಚನೆಯ ಕಡಲುಗಳ ಹವಳದ ಹರವಿನಲ್ಲಿ ಬದುಕುವ ಪ್ರಾಣಿಯ ಚಿಪ್ಪು. ಶತಮಾನಗಳ ಕಾಲ ಅವುಗಳ ದೊಡ್ಡ ಮೂಲ ಮಾಲ್ಡೀವ್ಸ್ ದ್ವೀಪಗಳಾಗಿದ್ದವು. ಜೋಗತಿಯರ ಕೊರಳ ಸರದಲ್ಲಿ ಇರುವುದೂ, ಚೌಕಾಬಾರದ ಮನೆಯಲ್ಲಿ ಉರುಳುವುದೂ ಅದೇ ಕವಡೆ. ತಾಳಿಯ ಸರದಲ್ಲಿ ಕರಿಮಣಿಯ ನಡುವೆ ಪೋಣಿಸುವ ಕೆಂಪು ಹವಳ ಮಾತ್ರ ಬೇರೆ ಜಾತಿ. ಅದು ದಿಬ್ಬ ಕಟ್ಟುವುದಿಲ್ಲ, ಹೆಚ್ಚಾಗಿ ಮೆಡಿಟರೇನಿಯನ್ ಕಡಲಿನ ತಂಪು ನೀರಿನಿಂದ ಬಂದದ್ದು.

ಇದಕ್ಕಿಂತ ಹತ್ತಿರದ ನಂಟು ಸುಣ್ಣದ್ದು. ನಮ್ಮ ಗುಡಿಗಳ ಗೋಡೆಗೆ ಹಬ್ಬದ ಮುಂಚೆ ಬಳಿಯುವ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆಗಳನ್ನು ನೋಡಿದಾಗ ನನಗೆ ವಾಣಿವಿಲಾಸ ಘಟಕದ ಸುಣ್ಣಕಲ್ಲು, ಕಬ್ಬಿಣಕಲ್ಲುಗಳೇ ಕಣ್ಣಿಗೆ ಬರುತ್ತವೆ. ಹಳ್ಳಿಯ ಸುಣ್ಣದ ಗೂಡುಗಳು ಸುಟ್ಟದ್ದು ಬಹಳ ಮಟ್ಟಿಗೆ ಹೊಲದಲ್ಲಿ ಆಯ್ದ ಸುಣ್ಣದ ಹರಳುಗಳನ್ನು, ದೊಡ್ಡ ಬಂಡೆಯನ್ನಲ್ಲ. ಆ ಪ್ರಮಾಣದ ಬಳಕೆಯಿಂದ ಬೆಟ್ಟಕ್ಕೆ ಧಕ್ಕೆಯಾಗಲಿಲ್ಲ. ಯಂತ್ರ ಬಂದ ಮೇಲೆ ಲೆಕ್ಕ ಬದಲಾಯಿತು. ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ ಏನಾಯಿತು ಎಂಬುದನ್ನು ನಾವು ಗಮನಿಸಬೇಕು. ತೂತ್ತುಕುಡಿ ಕಡೆ ಸುಣ್ಣಕ್ಕೆ, ಕೈಗಾರಿಕೆಗೆ ದಶಕಗಳ ಕಾಲ ಜೀವಂತ ಹವಳವನ್ನೇ ಕಿತ್ತು ಸಾಗಿಸಿದರು. ಅಲ್ಲಿನ 21 ದ್ವೀಪಗಳ ಪೈಕಿ ಎರಡು ಹವಳದ ಆಸರೆ ಕಳೆದುಕೊಂಡು ನೀರಿನಡಿ ಹೋದವು. 1986ರಲ್ಲೇ ರಾಷ್ಟ್ರೀಯ ಉದ್ಯಾನವಾಗಿದ್ದರೂ ಹವಳ ಕೀಳುವುದು ನಿಂತದ್ದು 2001ರ ಕಾನೂನು ಮತ್ತು 2004ರ ಸುನಾಮಿಯ ಬಳಿಕ.

ಕಲ್ಲಾದ ದಿಬ್ಬಕ್ಕೆ ಅಂಥ ಕಾನೂನೂ ಇಲ್ಲ. ಮರಡಿಹಳ್ಳಿಯ ದಿಂಬು ಲಾವಾವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಸ್ಟ್ರೊಮಾಟೊಲೈಟುಗಳಿಗೆ ಅದೇ ಗೌರವ ರಾಜಸ್ಥಾನದ ಭೋಜುಂಡಾ, ಝಾಮರ್‌ಕೋಟ್ರಾಗಳಿಗೆ ಮತ್ತು ಸಿಕ್ಕಿಮಿನ ಮಾಮ್ಲೆಗೆ ಸಿಕ್ಕಿದೆ. ಕರ್ನಾಟಕದವು ವಯಸ್ಸಿನಲ್ಲಿ ಅವಕ್ಕಿಂತ ಎಷ್ಟೋ ಹಿರಿಯವು, ಆದರೂ ಸ್ಮಾರಕಗಳ ಪಟ್ಟಿಯಲ್ಲಿಲ್ಲ. ಝಾಮರ್‌ಕೋಟ್ರಾ ಗೊಬ್ಬರಕ್ಕಾಗಿ ರಾಕ್ ಫಾಸ್ಫೇಟ್ ತೆಗೆಯುವ ದೊಡ್ಡ ಗಣಿಯ ಊರು. ಅಲ್ಲಿ ಗಣಿಯೂ ನಡೆಯುತ್ತದೆ, ಒಂದು ಭಾಗವನ್ನು ಸ್ಟ್ರೊಮಾಟೊಲೈಟ್ ಉದ್ಯಾನವಾಗಿಯೂ ಉಳಿಸಿದ್ದಾರೆ. ಇಲ್ಲಿಯೂ ಹಾಗೆ ಮಾಡಬಹುದು ಎಂಬುದೇ ನನ್ನ ವಾದ. ಎಲ್ಲ ಸುಣ್ಣಕಲ್ಲನ್ನೂ ಮುಟ್ಟದೆ ಬಿಡಿ ಎಂದು ಯಾರೂ ಕೇಳುತ್ತಿಲ್ಲ. ಗುಮ್ಮಟಗಳು ಸ್ಪಷ್ಟವಾಗಿ ಉಳಿದಿರುವ ಕೆಲವು ಗುಂಟೆ ಜಾಗವನ್ನು ಗುತ್ತಿಗೆಯಿಂದ ಹೊರಗಿಟ್ಟರೆ ಸಾಕು. ಡಾಲಮೈಟನ್ನು ಕೇಂದ್ರ ಸರ್ಕಾರ 2015ರಲ್ಲಿ ಉಪಖನಿಜಗಳ ಪಟ್ಟಿಗೆ ಸೇರಿಸಿತು. ಅಂದರೆ ಅದರ ಗುತ್ತಿಗೆಯ ನಿಯಮ ಮಾಡುವ ಅಧಿಕಾರ ರಾಜ್ಯದ್ದೇ. ಡಾಲಮೈಟಿನ ಮಟ್ಟಿಗಾದರೂ ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಭೂಪರಂಪರೆಯ ತಾಣಗಳ ರಕ್ಷಣೆಗೆ ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಕರಡು ಮಸೂದೆಯೊಂದನ್ನು ಪ್ರಕಟಿಸಿತ್ತು. ಅದು ಕಾಯ್ದೆಯಾಗುವವರೆಗೆ ಕಲ್ಲು ಕಾಯುವುದಿಲ್ಲ.

ಹೊಲದಂಚಿನಲ್ಲಿ, ಹಳ್ಳದ ದಡದಲ್ಲಿ ಇಂಥ ಕಲ್ಲು ಕಂಡರೆ ಗುರುತಿಸುವುದು ಹೇಗೆ? ಬೂದು ಅಥವಾ ಮಾಸಲು ಕಂದು ಬಣ್ಣದ ಬಂಡೆಯ ಮೇಲೆ ಕೂದಲೆಳೆಯಿಂದ ಬೆರಳಿನಷ್ಟು ದಪ್ಪದವರೆಗಿನ ಗೆರೆಗಳು ಒಂದರ ಮೇಲೊಂದು ಕಮಾನಾಗಿ ಬಾಗಿರುತ್ತವೆ. ಭೂಮಿಯ ಒತ್ತಡಕ್ಕೆ ಮಡಿಕೆಬಿದ್ದ ಸಾಮಾನ್ಯ ಕಲ್ಲಿನಲ್ಲಿಯೂ ಬಾಗಿದ ಗೆರೆಗಳಿರುವುದರಿಂದ ಮೋಸಹೋಗುವುದು ಸುಲಭ. ಮಡಿಕೆಯಾದರೆ ಮೇಲಿನ ಕೆಳಗಿನ ಪದರಗಳೆಲ್ಲ ಒಟ್ಟಿಗೇ ಬಾಗಿರುತ್ತವೆ. ಸ್ಟ್ರೊಮಾಟೊಲೈಟಿನಲ್ಲಿ ಬುಡದ ಪದರ ಚಪ್ಪಟೆಯಾಗಿದ್ದು, ಅಲ್ಲಿಂದ ಗುಮ್ಮಟ ಏಳುತ್ತದೆ; ಗೆರೆಗಳು ನೆತ್ತಿಯಲ್ಲಿ ದಪ್ಪ, ಪಕ್ಕಕ್ಕೆ ಇಳಿದಂತೆ ತೆಳು. ಎರಡು ಗುಮ್ಮಟಗಳ ನಡುವಿನ ಸಂದಿಯಲ್ಲಿ ಬೇರೆ ಬಗೆಯ ಪುಡಿಕಲ್ಲು ತುಂಬಿರುವುದುಂಟು. ಸುಣ್ಣದ ಕಲ್ಲೇ ಎಂದು ಖಾತ್ರಿಯಾಗಬೇಕಾದರೆ ಹತ್ತಿರದ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರ ನೆರವು ಪಡೆಯಿರಿ. ಪಕ್ಕದಲ್ಲಿ ಉದುರಿದ ಚೂರಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಸುಣ್ಣಕಲ್ಲು ಬುರುಬುರು ನೊರೆ ಬಿಡುತ್ತದೆ. ಡಾಲಮೈಟ್ ಸುಮ್ಮನಿರುತ್ತದೆ, ಪುಡಿ ಮಾಡಿ ಹಾಕಿದರೆ ನಿಧಾನಕ್ಕೆ ನೊರೆಯುತ್ತದೆ. ಗುಮ್ಮಟದ ಮೇಲೆ ಮಾತ್ರ ಆಮ್ಲ ಹಾಕಬೇಡಿ.

ಮಳೆ ಬಂದು ಬಂಡೆ ಒದ್ದೆಯಾದಾಗ ಗೆರೆಗಳು ಚೆನ್ನಾಗಿ ಎದ್ದು ಕಾಣುತ್ತವೆ, ಇಲ್ಲದಿದ್ದರೆ ಒಂದು ತಂಬಿಗೆ ನೀರು ಸುರಿದರೂ ಆಗುತ್ತದೆ. ಅಳತೆ ಗೊತ್ತಾಗಲು ಪಕ್ಕದಲ್ಲಿ ಸ್ಕೇಲ್ ಅಥವಾ ನಾಣ್ಯ ಇಟ್ಟು, ದೂರದಿಂದ ಒಂದು ಹತ್ತಿರದಿಂದ ಒಂದು ಫೋಟೊ ತೆಗೆಯಿರಿ. ಮೊಬೈಲಿನ ಮ್ಯಾಪಿನಲ್ಲಿ ಅಕ್ಷಾಂಶ ರೇಖಾಂಶ, ಜೊತೆಗೆ ಗ್ರಾಮದ ಹೆಸರು, ಸರ್ವೆ ನಂಬರ್ ಬರೆದುಕೊಳ್ಳಿ. ಸುತ್ತಿಗೆಯಿಂದ ತುಂಡು ಎಬ್ಬಿಸಬೇಡಿ. ಬಂಡೆಯಿಂದ ಬಿಡಿಸಿದ ತುಂಡಿಗೆ ಯಾವ ಪದರ ಮೇಲಿತ್ತು, ಯಾವುದು ಕೆಳಗಿತ್ತು ಎಂಬ ಸಾಕ್ಷಿಯೇ ಹೋಗಿಬಿಡುತ್ತದೆ. ಈ ವಿವರವನ್ನು ಚಿತ್ರದುರ್ಗದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೂ ಬೆಂಗಳೂರಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗೂ ಲಿಖಿತವಾಗಿ ಕಳಿಸಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಯ ದಾಖಲೆ ಪುಸ್ತಕದಲ್ಲಿ ಈ ಬಂಡೆಯ ಜಾಗವೂ ಸೇರಲಿ ಎಂದು ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ. ನಾಳೆ ಅದೇ ಸರ್ವೆ ನಂಬರಿಗೆ ಕ್ವಾರಿ ಅರ್ಜಿ ಬಂದಾಗ ತೋರಿಸಲು ಊರಿನವರ ಕೈಯಲ್ಲಿ ಆ ನಡಾವಳಿಯ ನಕಲು ಇರುತ್ತದೆ.